ಯುದ್ಧ ಮುಗಿದ ಮೇಲೆ ಸಿಕ್ಕ ಕಾಗದಗಳು

ಸೋಸಲೆ ತಿ. ನರಸೀಪುರ ತಾಲ್ಲೂಕಿನ ಕಾವೇರಿ ದಂಡೆಯ ಊರು. 1799ರ ಮಾರ್ಚ್ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜನರಲ್ ಹ್ಯಾರಿಸನ ದಂಡು ಅಲ್ಲಿಯೇ ಹೊಳೆ ದಾಟಿ ಮೈಸೂರಿನ ಟಿಪ್ಪು ಸುಲ್ತಾನನ ರಾಜಧಾನಿ ಶ್ರೀರಂಗಪಟ್ಟಣದತ್ತ ನಡೆಯಿತು. ಸಮುದ್ರದಾಚೆಯ ಒಂದು ಕಂಪನಿಗೆ ಈ ಹೊಳೆ ದಾಟುವ ಹಕ್ಕು ಎಲ್ಲಿಂದ ಬಂತು?

ಕಂಪನಿ ತೋರಿಸಿದ್ದು ಒಂದು ಘೋಷಣಾ ಪತ್ರ. 1798ರ ಜನವರಿ 30ರಂದು ಮಾರಿಷಸ್‌ನ ಫ್ರೆಂಚ್ ಗವರ್ನರ್ ಮಲಾರ್ತಿಕ್ ಅದನ್ನು ಹೊರಡಿಸಿದ್ದ. ಟಿಪ್ಪುವಿನ ರಾಯಭಾರಿಗಳು ಬಂದಿದ್ದಾರೆ, ಇಂಗ್ಲಿಷರನ್ನು ಓಡಿಸಲು ಸೈನ್ಯ ಕೇಳಿದ್ದಾರೆ, ಇಷ್ಟವಿದ್ದವರು ಹೆಸರು ಬರೆಸಬಹುದು ಎಂದು ಅದರಲ್ಲಿತ್ತು. ಗುಟ್ಟಾಗಿ ನಡೆಯಬೇಕಿದ್ದ ಮಾತುಕತೆ ಊರಿಗೆಲ್ಲ ಡಂಗುರವಾಯಿತು. ಜೂನ್‌ನಲ್ಲಿ ಅದು ಕಲ್ಕತ್ತೆಯ ಪತ್ರಿಕೆಯೊಂದರಲ್ಲಿ ಅಚ್ಚಾಗಿ, ಹೊಸದಾಗಿ ಬಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಯ ಕಣ್ಣಿಗೆ ಬಿತ್ತು. ಮೊದಲು ಅವನಿಗೇ ಅನುಮಾನ. ಆಗಸ್ಟ್ 12ರ ಟಿಪ್ಪಣಿಯ ಹೊತ್ತಿಗೆ, ಟಿಪ್ಪು ಮಾಡಿದ್ದು ಯುದ್ಧ ಸಾರಿದ್ದಕ್ಕೆ ಸಮ ಎಂದು ತೀರ್ಮಾನಿಸಿಬಿಟ್ಟಿದ್ದ. ಅಷ್ಟರಲ್ಲಿ ಮಂಗಳೂರಿಗೆ ಬಂದಿಳಿದಿದ್ದ ಫ್ರೆಂಚ್ ನೆರವು ಸುಮಾರು ನೂರು ಜನ!

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪು ಸತ್ತ. ಗೆದ್ದವರು ಅರಮನೆಯಲ್ಲಿ ಒಡವೆಯ ಜೊತೆಗೆ ಕಾಗದಗಳನ್ನೂ ಹುಡುಕಿದರು. ಟಿಪ್ಪುವಿನ ಬರೆಯುವ ಮೇಜಿನೊಳಗೆ, ರಹಸ್ಯ ಕಾಗದಗಳ ನಡುವೆ, ಅವನೇ ಬರೆದಿಟ್ಟಿದ್ದ ಕನಸುಗಳ ಪುಸ್ತಕ ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್‌ಗೆ ಸಿಕ್ಕಿತು. ಅದೀಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಫ್ರೆಂಚರೊಡನೆ ನಡೆದ ಪತ್ರವ್ಯವಹಾರವನ್ನು ಎಡ್ಮನ್‌ಸ್ಟನ್ ಎಂಬ ಅಧಿಕಾರಿ ಪಾರಸಿಯಿಂದ ಇಂಗ್ಲಿಷಿಗೆ ತಂದ. ಕಂಪನಿ ಅದನ್ನು ಅಚ್ಚು ಹಾಕಿಸಿ, ನೋಡಿ ನಮ್ಮ ನ್ಯಾಯ ಎಂದಿತು.

ಆ ಕಾಗದಗಳು ಸುಳ್ಳಲ್ಲ. ಟಿಪ್ಪು ಫ್ರೆಂಚರ ಸೈನ್ಯ ಬಯಸಿದ್ದು ನಿಜ. ಆದರೆ ಅದೇ ಕಟ್ಟಿನಲ್ಲಿ ಅವನ ಅಧಿಕಾರಿಗಳ ಲಿಖಿತ ಸಲಹೆಗಳೂ ಇವೆ: ಮಾರಿಷಸ್‌ನಲ್ಲಿ ದೊಡ್ಡ ಸೈನ್ಯ ಸಿದ್ಧವಾಗಿದೆ ಎಂದು ಆಸೆ ಹುಟ್ಟಿಸಿದ ರಿಪೋ ಎಂಬ ಹಡಗಿನವನನ್ನು ನಂಬಬಾರದು ಎಂದು ಕೆಲವರು ಖಂಡಿತವಾಗಿ ಬರೆದಿದ್ದರು. ಅವರ ಮಾತೇ ನಿಜವಾಗಿತ್ತು. ಅಂಥ ಸೈನ್ಯ ಅಲ್ಲಿರಲಿಲ್ಲ. ಕಂಪನಿ ಕೈಯಾರೆ ಅಚ್ಚು ಹಾಕಿಸಿದ ಈ ಪುಟಗಳನ್ನೇ ನಾನು ಮುಖ್ಯ ಸಾಕ್ಷಿ ಎನ್ನುತ್ತೇನೆ. ಅಪಾಯ ಎಷ್ಟು ದೊಡ್ಡದು ಎಂಬುದಕ್ಕೆ ಅರಮನೆಯೊಳಗೇ ಉತ್ತರವಿತ್ತು. ಆದರೆ ಅದನ್ನು ಓದಿದ್ದು ರಾಜ್ಯ ಹೋದ ಮೇಲೆ, ಓದಿದವರು ಆ ರಾಜ್ಯವನ್ನು ಗೆದ್ದವರೇ.

ಅಪಾಯವಿದೆ ಎಂದು ಯುದ್ಧಕ್ಕೆ ಹೊರಡುವವರನ್ನು ಕೇಳುವ ನಿಯಮ ಬಂದದ್ದು ಬಹಳ ನಂತರ: 1945ರ ವಿಶ್ವಸಂಸ್ಥೆಯ ಸನ್ನದು, 51ನೇ ವಿಧಿಯಲ್ಲಿ, ಆತ್ಮರಕ್ಷಣೆಯ ಹಕ್ಕನ್ನು ಸಶಸ್ತ್ರ ದಾಳಿಗೆ ಜೋಡಿಸಿತು; ಕೈಗೊಂಡ ಕ್ರಮವನ್ನು ಕೂಡಲೇ ಭದ್ರತಾ ಮಂಡಳಿಗೆ ತಿಳಿಸಬೇಕು ಎಂದಿತು. ಶ್ರೀರಂಗಪಟ್ಟಣದ ಕಾಗದಗಳಿಗೆ ಮಾತ್ರ ಕಂಪನಿಯಲ್ಲದೆ ಬೇರೆ ನ್ಯಾಯಾಧೀಶರೇ ಇರಲಿಲ್ಲ.