ದತ್ತಾಂಶ ಶೋಧನೆಗೆ ಘರ್ಷಣೆಯ ನೆರವು

ಬಸರಾಳಿನ ಬೆಲ್ಲದ ವರ್ತಕರೊಬ್ಬರ ಬಳಿ ಕ್ರಮವಿಲ್ಲದೆ ಕಟ್ಟಿಟ್ಟ 10,000 ಬಿಲ್ಲುಗಳಿವೆಯೆಂದು ಭಾವಿಸೋಣ. ಅವುಗಳಲ್ಲೊಂದನ್ನು ಹುಡುಕಲು ಸರಾಸರಿ 5,000 ಬಿಲ್ಲುಗಳನ್ನು ತಿರುವಬೇಕಾಗುತ್ತದೆ. ಕ್ವಾಂಟಮ್ ಗಣಕಯಂತ್ರವು ಇದೇ ಕಾರ್ಯವನ್ನು ಒಟ್ಟು ಸಂಖ್ಯೆಯ ವರ್ಗಮೂಲದ ಪ್ರಮಾಣದಲ್ಲಿ, ಅಂದರೆ ಇಲ್ಲಿ ಸುಮಾರು 79 ಹಂತಗಳಲ್ಲಿ, ಪೂರೈಸಬಲ್ಲದೆಂದು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಭಾರತೀಯ ಮೂಲದ ಲವ್ ಗ್ರೋವರ್ ಅವರು 1996ರಲ್ಲಿ ತೋರಿಸಿಕೊಟ್ಟರು.

ಆದರೆ ಇದರಲ್ಲೊಂದು ವಿಚಿತ್ರ ತೊಡಕಿದೆ. ಬೇಕಾದ ಬಿಲ್ಲು ದೊರೆಯುವ ಸಂಭವ ಸುಮಾರು 79ನೆಯ ಹಂತದವರೆಗೆ ಏರುತ್ತದೆ, ಅನಂತರ ಇಳಿಯತೊಡಗುತ್ತದೆ. ಮತ್ತೆ ಅಷ್ಟೇ ಹಂತ ನಡೆಸಿದರೆ ಹೊರಟಲ್ಲಿಗೇ ಮರಳಿದಂತಾಗುತ್ತದೆ. ಬೇಕಾದ ಬಿಲ್ಲುಗಳು ನಾಲ್ಕಿದ್ದರೆ ಸುಮಾರು 39ಕ್ಕೇ ನಿಲ್ಲಿಸಬೇಕು. ಒಂದೋ ನಾಲ್ಕೋ ಎಂಬುದು ಹುಡುಕುವ ಮೊದಲೇ ಯಾವ ಗುಮಾಸ್ತನಿಗೆ ತಿಳಿದಿರುತ್ತದೆ?

ಕಚೇರಿಗಳಲ್ಲಿ ಎರಡೂ ಕಡೆ ತೆರೆಯುವ ಸ್ಪ್ರಿಂಗ್ ಬಾಗಿಲನ್ನು ವಾಚಕರು ಕಂಡಿರಬಹುದು. ಬಿಟ್ಟೊಡನೆ ಅದು ಮುಚ್ಚುವ ಸ್ಥಾನವನ್ನು ದಾಟಿ ಅತ್ತಿತ್ತ ಓಲಾಡುತ್ತದೆ. ಎಣ್ಣೆಯ ತಡೆ ಅಳವಡಿಸಿದರೆ ಓಲಾಟದ ಶಕ್ತಿ ಶಾಖವಾಗಿ ವ್ಯಯವಾಗುತ್ತದೆ. ತಡೆ ಹದವಾಗಿದ್ದರೆ ಬಾಗಿಲು ಒಮ್ಮೆಗೇ ಬಂದು ನಿಲ್ಲುತ್ತದೆ; ಹೆಚ್ಚಾದರೆ ತೆವಳುತ್ತದೆ. ಸಾಮಾನ್ಯವಾಗಿ ನಷ್ಟವೆಂದೇ ಬರೆಯುವ ಬಾಬ್ತು ಇಲ್ಲಿ ಕಾಲವನ್ನು ಉಳಿಸುತ್ತದೆ.

ಇದೇ ಬಗೆಯ ಉಪಾಯವನ್ನು ಶೋಧನೆಗೂ ಅನ್ವಯಿಸಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಥಾಗತ ತುಳಸಿ ಹಾಗೂ ಅಪೂರ್ವ ಪಟೇಲ್ ಅವರು ಗ್ರೋವರ್ ಅವರೊಡಗೂಡಿ 2006ರಲ್ಲಿ, ನಡುನಡುವೆ ಹಿಂದಿರುಗಿಸಲಾಗದ ಮಾಪನಗಳನ್ನು ಸೇರಿಸಿ, ಗುರಿಯತ್ತಲೇ ಸಾಗುವ ಕ್ರಮವೊಂದನ್ನು ಪ್ರಕಟಿಸಿದರು. ಬೇಕಾದ ಬಿಲ್ಲುಗಳು ತೀರ ವಿರಳವಾಗಿದ್ದಲ್ಲಿ ಇದರಲ್ಲಿ ವರ್ಗಮೂಲದ ಲಾಭ ಕೈತಪ್ಪುತ್ತದೆ. 2009ರಲ್ಲಿ ಆರಿ ಮಿಜೆಲ್ ಅವರು ತಡೆಯನ್ನು ಹದಗೊಳಿಸಿ, ಆ ಲಾಭವನ್ನೂ ಉಳಿಸಿಕೊಳ್ಳಬಹುದೆಂದು ತೋರಿಸಿದರು. ಬಿಲ್ಲುಗಳ ಸಂಖ್ಯೆ ಮೊದಲೇ ತಿಳಿದಿರಬೇಕಾಗಿಲ್ಲ. ತಡೆ ಮಿತಿಮೀರಿದರೆ ವೇಗ ಮಾತ್ರ ಹಳೆಯ ವಿಧಾನದ ಮಟ್ಟಕ್ಕೇ ಇಳಿಯುತ್ತದೆ.

'ಕ್ವಾಂಟಮ್' ಎಂಬ ಹೆಸರಿಟ್ಟು ತಂತ್ರಾಂಶ ಮಾರಲು ಬರುವವರನ್ನು ಸದಸ್ಯ ಬಾಂಧವರು ಒಂದು ಲೆಕ್ಕ ಕೇಳಬೇಕು. ಅದೇ 10,000 ಬಿಲ್ಲುಗಳನ್ನು ಸಂಖ್ಯಾನುಕ್ರಮವಾಗಿ ಜೋಡಿಸಿಟ್ಟರೆ ಸಾಮಾನ್ಯ ಗಣಕಯಂತ್ರಕ್ಕೆ ಹೆಚ್ಚೆಂದರೆ 14 ಹೋಲಿಕೆಗಳು ಸಾಕು. ಮೇಲಾಗಿ, ಬಿಲ್ಲುಗಳನ್ನೆಲ್ಲ ಕ್ವಾಂಟಮ್ ಯಂತ್ರಕ್ಕೆ ಉಣಿಸಲು 10,000 ನಮೂದುಗಳನ್ನೂ ಒಮ್ಮೆ ಓದಲೇಬೇಕು. ಉಳಿತಾಯದ ಲೆಕ್ಕದಲ್ಲಿ ಈ ವೆಚ್ಚವನ್ನು ಮರೆಮಾಚುವುದು ಸಲ್ಲದು. ಅನುಕ್ರಮಣಿಕೆಗೆ ಒಗ್ಗದ, ಸೂತ್ರದಿಂದಲೇ ಪರೀಕ್ಷಿಸಬಹುದಾದ ಸಮಸ್ಯೆಗಳಲ್ಲಿ ಈ ಸಂಶೋಧನೆಗೆ ಬೆಲೆಯುಂಟು. ಬೆಲ್ಲದ ಬಿಲ್ಲುಗಳು ಆ ವರ್ಗಕ್ಕೆ ಸೇರುವುದಿಲ್ಲ.