ಲೋಟದೊಳಗೆ ನೀರು ಏರಿದ್ದೇಕೆ?

ತಟ್ಟೆಯಲ್ಲಿ ಒಂದಿಷ್ಟು ನೀರು, ನಡುವೆ ಉರಿಯುವ ಮೇಣದಬತ್ತಿ, ಅದರ ಮೇಲೆ ಬೋರಲು ಹಾಕಿದ ಗಾಜಿನ ಲೋಟ. ಸ್ವಲ್ಪ ಹೊತ್ತಿಗೆ ಉರಿ ಆರುತ್ತದೆ, ತಟ್ಟೆಯ ನೀರು ಲೋಟದೊಳಕ್ಕೆ ಏರುತ್ತದೆ. ಶಾಲೆಯ ವಿಜ್ಞಾನ ಮೇಳಗಳ ಅಚ್ಚುಮೆಚ್ಚಿನ ಪ್ರಯೋಗ ಇದು. ಪ್ರಯೋಗದ ಬೆನ್ನಿಗೇ ಒಂದು ತಪ್ಪು ವಿವರಣೆಯೂ ಬರುತ್ತದೆ: ‘ಉರಿ ಆಮ್ಲಜನಕವನ್ನೆಲ್ಲ ಬಳಸಿಕೊಂಡಿತು, ಖಾಲಿಯಾದ ಜಾಗಕ್ಕೆ ನೀರು ನುಗ್ಗಿತು.’

ಗಾಳಿಯಲ್ಲಿ ಆಮ್ಲಜನಕ ಇರುವುದು ಶೇ. 21ರಷ್ಟು. ನೀರು ಕೆಲವೊಮ್ಮೆ ಲೋಟದ ಐದನೇ ಒಂದು ಭಾಗದ ಹತ್ತಿರ ಬಂದು ನಿಲ್ಲುವುದೂ ಉಂಟು. ಲೆಕ್ಕ ಕೂಡಿಬಂತಲ್ಲ ಎಂದು ಎಲ್ಲರೂ ಒಪ್ಪಿಬಿಡುತ್ತಾರೆ. ಆದರೆ ಅದು ಬರೀ ಕಾಕತಾಳೀಯ. ಆಮ್ಲಜನಕ ಸುಮಾರು ಶೇ. 16ಕ್ಕೆ ಇಳಿಯುವಷ್ಟರಲ್ಲೇ ಮೇಣದಬತ್ತಿ ಆರಿಹೋಗುತ್ತದೆ. ಮುಕ್ಕಾಲು ಪಾಲು ಆಮ್ಲಜನಕ ಲೋಟದಲ್ಲೇ ಉಳಿದಿರುತ್ತದೆ. ಬಳಕೆಯಾದದ್ದೂ ಮಾಯವಾಗಿಲ್ಲ, ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯ ರೂಪದಲ್ಲಿ ಅಲ್ಲೇ ಇದೆ.

ನಿಜವಾದ ಕಾರಣ ಬಿಸಿ. ಉರಿಯ ಶಾಖಕ್ಕೆ ಲೋಟದೊಳಗಿನ ಗಾಳಿ ಹಿಗ್ಗುತ್ತದೆ, ಒಂದಷ್ಟು ಅಂಚಿನಿಂದ ಗುಳ್ಳೆಗಳಾಗಿ ಹೊರಬೀಳುತ್ತದೆ. ಉರಿ ಆರಿದ ಮೇಲೆ ಉಳಿದ ಗಾಳಿ ತಣಿದು ಕುಗ್ಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ. ಹೊರಗಿನ ವಾತಾವರಣ ನೀರನ್ನು ಒಳಕ್ಕೆ ತಳ್ಳುತ್ತದೆ. ನೀರಾವಿ ಹನಿಗಟ್ಟುವುದರಿಂದಲೂ ಸ್ವಲ್ಪ ಜಾಗ ತೆರವಾಗುತ್ತದೆ, ಆದರೆ ದೊಡ್ಡ ಕೆಲಸ ತಣಿಯುವ ಗಾಳಿಯದು. ನಂಬಿಕೆ ಬಾರದಿದ್ದರೆ ನೀರು ಯಾವಾಗ ಏರುತ್ತದೆ ಎಂದು ಕಣ್ಣಿಟ್ಟು ನೋಡಿ: ಬತ್ತಿ ಉರಿಯುತ್ತಿರುವಾಗಲ್ಲ, ಆರಿದ ಕೂಡಲೇ. ಅದೇ ಲೋಟದಡಿ ಮೂರು ಬತ್ತಿ ಹಚ್ಚಿಡಿ, ನೀರು ಇನ್ನೂ ಮೇಲೇರುತ್ತದೆ. ಲೋಟದಲ್ಲಿದ್ದ ಆಮ್ಲಜನಕವೇನೂ ಮೂರು ಪಟ್ಟಾಗಿಲ್ಲ, ಹೆಚ್ಚಿದ್ದು ಬಿಸಿ.

‘ಉರಿಯುವುದು ಬತ್ತಿಯ ದಾರ’ ಎಂಬುದು ಇನ್ನೊಂದು ನಂಬಿಕೆ. ಬರೀ ದಾರವಾಗಿದ್ದರೆ ಕ್ಷಣದಲ್ಲಿ ಮುಗಿದುಹೋಗುತ್ತಿತ್ತು. ಕರಗಿದ ಮೇಣವನ್ನು ಮೇಲಕ್ಕೆ ಸೆಳೆಯುವುದಷ್ಟೇ ಅದರ ಮುಖ್ಯ ಕೆಲಸ; ಜ್ವಾಲೆಯಾಗಿ ಉರಿಯುವುದು ಮೇಣದ ಆವಿ. ಮೇಣದಬತ್ತಿಯನ್ನು ಊದಿದ ಕೂಡಲೇ ಏಳುವ ಬಿಳಿ ಎಳೆಗೆ ಕಡ್ಡಿ ಗೀರಿ ಹಿಡಿದರೆ, ಬತ್ತಿಯನ್ನು ಮುಟ್ಟದೆಯೇ ಬೆಂಕಿ ಆ ಎಳೆಯಗುಂಟ ಇಳಿದು ಮತ್ತೆ ಹತ್ತಿಕೊಳ್ಳುತ್ತದೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮೈಕೆಲ್ ಫ್ಯಾರಡೆ 1860ರ ಕ್ರಿಸ್‌ಮಸ್ ಹೊತ್ತಿಗೆ ಮಕ್ಕಳಿಗಾಗಿ ಮೇಣದಬತ್ತಿಯೊಂದರ ಬಗ್ಗೆಯೇ ಆರು ಉಪನ್ಯಾಸ ಕೊಟ್ಟ. ಜ್ವಾಲೆಯ ನಡುವಿನ ಕಪ್ಪು ಭಾಗಕ್ಕೆ ಗಾಜಿನ ಕೊಳವೆ ಇಟ್ಟು, ಉರಿಯದ ಆವಿಯನ್ನು ಹೊರತಂದು ತೋರಿಸಿದ. (ಮಕ್ಕಳೇ, ಇದನ್ನೆಲ್ಲ ದೊಡ್ಡವರು ಜೊತೆಗಿದ್ದಾಗ ಮಾತ್ರ ಮಾಡಿ.)

ಇನ್ನು ಬಣ್ಣ. ಪ್ರಖರವಾದ ಹಳದಿ ಜ್ವಾಲೆಯೇ ಜೋರು, ಮಂಕು ನೀಲಿ ತಂಪು ಎಂದುಕೊಳ್ಳುವವರಿದ್ದಾರೆ. ಹಳದಿ ಬೆಳಕು ಬರುವುದು ಪೂರ್ತಿ ಉರಿಯದೆ ಕಾದು ಹೊಳೆಯುವ ಮಸಿಯ ಕಣಗಳಿಂದ. ದೀಪದ ಮೇಲೆ ಬಟ್ಟಲು ಹಿಡಿದು ಕಾಡಿಗೆ ತೆಗೆಯುತ್ತಿದ್ದ ಅಜ್ಜಿಯರು ಸಂಗ್ರಹಿಸುತ್ತಿದ್ದದ್ದು ಅದನ್ನೇ. ಗ್ಯಾಸ್ ಒಲೆಯಲ್ಲಿ ಅನಿಲ ಮೊದಲೇ ಗಾಳಿಯೊಡನೆ ಬೆರೆತು ಚೆನ್ನಾಗಿ ಉರಿಯುವುದರಿಂದ ಜ್ವಾಲೆ ನೀಲಿ. ಅದು ಹಳದಿಗೆ ತಿರುಗಿ ಪಾತ್ರೆ ಮಸಿ ಹಿಡಿಯುತ್ತಿದ್ದರೆ ಬರ್ನರ್ ಶುಚಿ ಮಾಡಿಸಬೇಕು.

ಸುಟ್ಟ ವಸ್ತು ಹಗುರವೇ ಆಗುತ್ತದೆಂಬುದೂ ಪೂರ್ತಿ ನಿಜವಲ್ಲ. ಕಬ್ಬಿಣದ ಎಳೆಗಳನ್ನು ಸುಟ್ಟರೆ ಆಮ್ಲಜನಕ ಸೇರಿಕೊಂಡು ತೂಕ ಹೆಚ್ಚುತ್ತದೆ. ಸೌದೆ ಹಗುರಾಗುವುದು ಅದರ ಬಹುಪಾಲು ಅನಿಲವಾಗಿ ಹಾರಿಹೋಗುವುದರಿಂದ.

ಕೊನೆಯ ನಂಬಿಕೆ ಅಪಾಯದ್ದು: ‘ಯಾವ ಬೆಂಕಿಗೂ ನೀರೇ ಮದ್ದು.’ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದಾಗ ನೀರು ಸುರಿದರೆ, ಎಣ್ಣೆಗಿಂತ ಭಾರವಾದ ನೀರು ತಳಕ್ಕಿಳಿದು ಒಮ್ಮೆಲೇ ಆವಿಯಾಗುತ್ತದೆ. ಸುಮಾರು 1,700 ಪಟ್ಟು ಹಿಗ್ಗುವ ಆ ಆವಿ, ಉರಿಯುವ ಎಣ್ಣೆಯನ್ನು ಎಲ್ಲೆಡೆ ಚಿಮ್ಮಿಸುತ್ತದೆ. ಬಾಣಲೆಯನ್ನು ಎತ್ತಿಕೊಂಡು ಓಡಲೂಬೇಡಿ. ಒಲೆ ಆರಿಸಿ, ಲೋಹದ ಮುಚ್ಚಳ ಮುಚ್ಚಿ, ಪೂರ್ತಿ ತಣ್ಣಗಾಗುವವರೆಗೆ ತೆಗೆಯಬೇಡಿ.