ಮೂಸ್ ದಾರಿ ಬಿಡುವವರೆಗೆ

ಕ್ರೆಸ್ಟೆಡ್ ಬ್ಯೂಟ್ ಪೇಟೆಯ ಮುಖ್ಯಬೀದಿಗೆ ಎಲ್ಕ್ ಅವೆನ್ಯೂ ಎಂದು ಹೆಸರು. ಎಲ್ಕ್ ಅಂದರೆ ನಮ್ಮ ಕಡವೆಯ ಬಳಗದ, ಅದಕ್ಕಿಂತ ದೊಡ್ಡ ಮೈಯ ಜಿಂಕೆ. ಬೀದಿಯ ಎರಡೂ ಬದಿಗೆ ನೀಲಿ, ಕೆಂಪು, ಹಳದಿ ಬಳಿದ ಮರದ ಮನೆ-ಅಂಗಡಿಗಳು. ಗೋಡೆಗೆ ಒರಗಿಸಿಟ್ಟ ಹಳೇ ಸೈಕಲ್‌ಗಳು. ಬೀದಿಯ ತುದಿಗೆ ನಿಂತು ನೋಡಿದರೆ ಯಾವ ದಿಕ್ಕಿಗೂ ಬೆಟ್ಟವೇ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್. ಇಲ್ಲಿ ಕಾಫಿ ಅಂಗಡಿಯ ಜಗಲಿಯೇ ಸುಮಾರು 2,700 ಮೀಟರ್ ಎತ್ತರದಲ್ಲಿದೆ. ಬಂದ ದಿನ ಲಾಡ್ಜಿನ ಮೆಟ್ಟಿಲು ಹತ್ತುವಷ್ಟರಲ್ಲೇ ನನಗೆ ಏದುಸಿರು.

ಇದು ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ, ರಾಕಿ ಪರ್ವತಗಳ ಮಡಿಲಲ್ಲಿರುವ ಊರು. ಎರಡು ಸಾವಿರವೂ ಮುಟ್ಟದ ಜನ. ಡೆನ್ವರ್‌ನಲ್ಲಿರುವ ಅಕ್ಕನ ಮನೆಯಿಂದ ನಾನೂ ಭಾವನೂ ಕಾರಿನಲ್ಲಿ ಹೊರಟೆವು. ಸುಮಾರು 370 ಕಿಲೋಮೀಟರ್ ದಾರಿ. ಭಾವ ಮೂಲತಃ ತೀರ್ಥಹಳ್ಳಿ ಕಡೆಯವರು, ಕಾಡಿನ ಅಂಚಿನಲ್ಲೇ ಬೆಳೆದವರು. ಆ ಬೆಳೆದ ರೀತಿ ಮೂರನೆಯ ದಿನ ನಮ್ಮಿಬ್ಬರ ಕೈಹಿಡಿಯಿತು.

ಈ ಊರು ಹುಟ್ಟಿದ್ದು ಗಣಿಯಿಂದ. ದಶಕಗಳ ಕಾಲ ಕಲ್ಲಿದ್ದಲೇ ಇಲ್ಲಿಯ ಅನ್ನ. 1952ರಲ್ಲಿ 'ಬಿಗ್ ಮೈನ್' ಮುಚ್ಚಿತು, ಆಮೇಲೆ ರೈಲೂ ನಿಂತಿತು. ಉಳಿದುಕೊಂಡ ಜನಕ್ಕೆ ಕಲ್ಲು-ಕೆಸರಿನ ಬೀದಿಯಲ್ಲಿ ಓಡಾಡಲು ಆಗಿಬಂದದ್ದು ಹಳೇ ಕಾಲದ ದಪ್ಪ ಟೈರಿನ ಲಟಾರಿ ಸೈಕಲ್. ಗೇರ್ ಇಲ್ಲ, ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕ್. ಅದಕ್ಕೆ ಇಲ್ಲಿ 'ಕ್ಲಂಕರ್' ಎನ್ನುತ್ತಿದ್ದರು. 1976ರಲ್ಲಿ ಬೆಟ್ಟದಾಚೆಯ ಆಸ್ಪೆನ್ ಪಟ್ಟಣದಿಂದ ಮೋಟಾರ್‌ಸೈಕಲ್ ಸವಾರರು ಪರ್ಲ್ ಪಾಸ್ ಎಂಬ ಘಟ್ಟ ದಾಟಿ ಬಂದು ಬೀಗಿದರಂತೆ. ಊರಿನ ಹುಡುಗರಿಗೆ ಅದು ತಡೆಯಲಿಲ್ಲ. ಸೆಪ್ಟೆಂಬರಿನಲ್ಲಿ ತಮ್ಮ ಲಟಾರಿ ಸೈಕಲ್‌ಗಳನ್ನೇ ತುಳಿದು, ಏರಲಾಗದ ಕಡೆ ತಳ್ಳಿ, ಒಂದು ರಾತ್ರಿ ಬೆಟ್ಟದ ಮೇಲೇ ತಂಗಿ, ಆಸ್ಪೆನ್ ಮುಟ್ಟಿದರು. ಪರ್ಲ್ ಪಾಸ್ 3,870 ಮೀಟರ್ ಎತ್ತರದ್ದು! ಎರಡು ವರ್ಷದ ಮೇಲೆ, 1978ರಲ್ಲಿ, ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಿಂದ ಜೋ ಬ್ರೀಜ್, ಗ್ಯಾರಿ ಫಿಷರ್, ಚಾರ್ಲಿ ಕೆಲ್ಲಿ ಮತ್ತು ಸಂಗಡಿಗರು ಗೇರ್ ಹಾಕಿದ ಬೆಟ್ಟದ ಸೈಕಲ್‌ಗಳೊಂದಿಗೆ ಬಂದು ಈ ಸವಾರಿಯಲ್ಲಿ ಸೇರಿಕೊಂಡರು. ಇಂದು ನಮ್ಮೂರ ಅಂಗಡಿಗಳಲ್ಲೂ ಮಾರಾಟಕ್ಕಿರುವ ಮೌಂಟನ್ ಬೈಕಿನ ವಂಶಾವಳಿಯಲ್ಲಿ ಆ ಭೇಟಿಗೆ ದೊಡ್ಡ ಸ್ಥಾನವಿದೆ. 1983ರಲ್ಲಿ ಇಲ್ಲಿ ಹುಟ್ಟಿದ ಮೌಂಟನ್ ಬೈಕ್ ಸಂಘ ಇವತ್ತಿಗೂ ಜಾಡುಗಳ ಮೇಲೆ ಬಿದ್ದ ಮರ ಕಡಿದು, ಕೊಚ್ಚಿಹೋದ ಅಂಚಿಗೆ ಕಲ್ಲು ಕಟ್ಟಿ ನೋಡಿಕೊಳ್ಳುತ್ತಿದೆ.

ಜುಲೈನಲ್ಲಿ ಇಲ್ಲಿ ಕಾಡುಹೂವಿನ ಜಾತ್ರೆ, ಜನವೂ ಜಾಸ್ತಿ. ಆದರೆ ಸೈಕಲ್ ತುಳಿಯುವವರು ಸೆಪ್ಟೆಂಬರಿನ ಕೊನೆಯ ವಾರಕ್ಕೆ ಬರಬೇಕು. ನಮಗೆ ಶರದೃತು ಎಂದರೆ ಮಳೆ ತೊಳೆದಿಟ್ಟ ಆಕಾಶ, ನವರಾತ್ರಿ, ಗೊಂಬೆ. ಎಲೆ ಉದುರುವುದು ಶಿಶಿರದಲ್ಲಿ, ಯುಗಾದಿಗೆ ಮುಂಚೆ. ಇಲ್ಲಿ ಆ ಎರಡೂ ಒಂದೇ ತಿಂಗಳಿಗೆ ಬಂದು ಕೂಡಿರುತ್ತವೆ. ಬಿಸಿಲು ನಮ್ಮ ಶರತ್ತಿನದೇ, ಅದರ ಕೆಳಗೆ ಬೆಟ್ಟಕ್ಕೆ ಬೆಟ್ಟವೇ ಸೇವಂತಿಗೆ ಬಣ್ಣ.

ಆ ಬಣ್ಣ ಆಸ್ಪೆನ್ ಮರದ್ದು. ಮೊದಲ ದಿನ ತೋಪಿನೊಳಗೆ ಸೈಕಲ್ ನಿಲ್ಲಿಸಿದಾಗ ನನಗೆ ಬಣ್ಣಕ್ಕಿಂತ ಮುಂಚೆ ಕಿವಿಗೆ ಬಿದ್ದದ್ದು ಸದ್ದು. ಗಾಳಿ ಇಲ್ಲವೆನ್ನುವಷ್ಟು ತೆಳುವಾಗಿತ್ತು, ಆದರೂ ಪ್ರತಿ ಎಲೆಯೂ ಅಲುಗುತ್ತಿತ್ತು. ನಮ್ಮೂರ ಅರಳಿಕಟ್ಟೆಯಲ್ಲಿ ಮಧ್ಯಾಹ್ನ ಕೂತವರಿಗೆ ಈ ಸದ್ದು ಗೊತ್ತು. ಅರಳಿ ಎಲೆಗೆ ಉದ್ದನೆಯ, ಬಳುಕುವ ತೊಟ್ಟು. ಆಸ್ಪೆನ್ ಎಲೆಯ ತೊಟ್ಟು ಪಟ್ಟಿಯಂತೆ ಚಪ್ಪಟೆ, ಅಡ್ಡಡ್ಡ ಬಾಗುತ್ತದೆ. ಎರಡೂ ಉಸಿರು ತಾಗಿದರೂ ಆಡುತ್ತವೆ. ಕೆಳಗೆ ಬಿದ್ದದ್ದೊಂದನ್ನು ಎತ್ತಿ ಬೆರಳ ನಡುವೆ ತೊಟ್ಟನ್ನು ಹೊರಳಿಸಿ ನೋಡಿದೆ, ಒಂದು ಮಗ್ಗುಲಿಗೆ ದಾರದಷ್ಟು ಸಣ್ಣ, ಇನ್ನೊಂದಕ್ಕೆ ರಿಬ್ಬನ್ನಿನಷ್ಟು ಅಗಲ.

ಈ ಮರದ ಇನ್ನೊಂದು ಗುಟ್ಟು ನೆಲದೊಳಗಿದೆ. ನೂರಾರು ಕಾಂಡಗಳು ಒಂದೇ ಬೇರಿನಿಂದ ಚಿಗುರಿ ಬಂದವು, ಬಾಳೆಯ ಬುಡದಿಂದ ಕಂದು ಏಳುವ ಹಾಗೆ. ಹಾಗಾಗಿ ಒಂದು ತೋಪು ಎಂದರೆ ಬಹುಪಾಲು ಒಂದೇ ಜೀವ. ಬೆಟ್ಟದ ಒಂದು ತುಂಡು ಇಡಿಯಾಗಿ ಅರಿಶಿನವಾಗಿರುವಾಗ ಅದಕ್ಕಂಟಿದ ತುಂಡು ಇನ್ನೂ ಹಸಿರಾಗಿರುವುದು, ಮತ್ತೊಂದು ಕಿತ್ತಳೆಗೆ ತಿರುಗಿರುವುದು ಇದಕ್ಕೇ. ಊರಿನ ಪಶ್ಚಿಮಕ್ಕೆ ಕೆಬ್ಲರ್ ಪಾಸ್ ದಾಟಿದರೆ ಸಿಗುವುದು ಕೊಲೊರಾಡೊದ ಅತಿ ದೊಡ್ಡ ಆಸ್ಪೆನ್ ತೋಪುಗಳಲ್ಲಿ ಒಂದು. ಅದರ ಒಳಗೇ ಹಾದುಹೋಗುತ್ತದೆ 'ಡೈಕ್ ಟ್ರೇಲ್'.

ಡೈಕ್ ಜಾಡು ಒಂದೂವರೆ ಅಡಿ ಅಗಲ ಇರಬಹುದು. ಎರಡು ಕಡೆಯೂ ಬಿಳೀ ಕಾಂಡಗಳು ಹ್ಯಾಂಡಲ್ ಸವರುವಷ್ಟು ಹತ್ತಿರ. ನೆಲದ ಮೇಲೆ ಎಲೆಯ ಹಾಸು, ಅದರಡಿ ಬೇರಿದೆಯೋ ಕಲ್ಲಿದೆಯೋ ಕಾಣುವುದಿಲ್ಲ. ಟೈರಿನ ಗಾಳಿ ಸ್ವಲ್ಪ ಇಳಿಸಿಕೊಂಡೆವು. ಏರಿನಲ್ಲಿ ಸಣ್ಣ ಗೇರಿಗೆ ಹಾಕಿ, ಸೀಟಿನ ತುದಿಗೆ ಸರಿದು, ಇಪ್ಪತ್ತು ತುಳಿತಕ್ಕೊಮ್ಮೆ ಉಸಿರಿಗೆಂದು ನಿಲ್ಲುವುದು. ಹಾಗೆ ನಿಂತ ಒಂದು ಕಡೆ ಭಾವ ಮರವೊಂದರ ಮೇಲೆ ಅಂಗೈ ಇಟ್ಟು ನನ್ನನ್ನು ಕರೆದರು. ಬಿಳೀ ತೊಗಟೆಯ ಮೇಲೆ ಐದೈದು ಗೆರೆ ಸಾಲಾಗಿ ಮೇಲಕ್ಕೆ ಹೋಗಿದ್ದವು, ಕಪ್ಪಾಗಿ, ಉಬ್ಬಿ. ಎಂದೋ ಕರಡಿ ಹತ್ತಿದ ಉಗುರಿನ ಗುರುತು. ಆಸ್ಪೆನ್ ತನ್ನ ಗಾಯವನ್ನು ಮರೆಸುವುದಿಲ್ಲ, ಮರ ದಪ್ಪವಾದಂತೆ ಗುರುತೂ ಅಗಲವಾಗುತ್ತದೆ. ನನ್ನ ಬೆರಳು ಬಿಡಿಸಿ ಇಟ್ಟರೆ ಗೆರೆಗಳ ಅಂತರಕ್ಕೆ ಸಾಲಲಿಲ್ಲ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಜಾಡಿನ ನಡುವೆಯೇ ಕರಡಿಯ ಮಲ, ತುಂಬ ಹಣ್ಣಿನ ಬೀಜ, ಇನ್ನೂ ಒದ್ದೆ. ಕೊಲೊರಾಡೊದಲ್ಲಿ ಈಗ ಇರುವುದು 'ಬ್ಲ್ಯಾಕ್ ಬೇರ್' ಜಾತಿ ಮಾತ್ರ. ಹೆಸರಿಗೆ ಕರಿ, ಬಹಳಷ್ಟು ಕಂದು ಬಣ್ಣದವು. ದರೋಜಿಯ ನಮ್ಮ ಕರಡಿಗೆ ಚಳಿಗಾಲದ ನಿದ್ದೆ ಇಲ್ಲ. ಇಲ್ಲಿಯದಕ್ಕೆ ತಿಂಗಳುಗಟ್ಟಲೆ ಉಪವಾಸ ಕಾದಿದೆ. ಅದಕ್ಕಾಗಿ ಈ ದಿನಗಳಲ್ಲಿ ಅದು ದಿನಕ್ಕೆ ಇಪ್ಪತ್ತು ಗಂಟೆಯವರೆಗೂ ತಿನ್ನುತ್ತದೆ, 20,000 ಕ್ಯಾಲೊರಿಯವರೆಗೂ ಹೊಟ್ಟೆಗೆ ಇಳಿಸುತ್ತದೆ. ನಾವು ಬಣ್ಣ ನೋಡಲು ಬರುವ ಈ ಎರಡು ವಾರ ಅದರ ವರ್ಷದ ಸುಗ್ಗಿ. ಒಂದು ಪೊದೆಯಿಂದ ಅದನ್ನು ಎಬ್ಬಿಸಿ ಓಡಿಸಿದರೆ ನಮ್ಮ ಪಾಲಿಗೆ ಒಂದು ಫೋಟೊ, ಅದರ ಪಾಲಿಗೆ ತಪ್ಪಿದ ಊಟ. ಈ ಲೆಕ್ಕ ತಲೆಗೆ ಹತ್ತಿದ ಮೇಲೆ ನಾನು ಇಳಿಜಾರಿನಲ್ಲಿ ಬ್ರೇಕ್ ಬಿಡುವುದು ಕಡಿಮೆ ಮಾಡಿದೆ.

ಎರಡನೆಯ ದಿನ ಗಾಥಿಕ್. ಬೆಳ್ಳಿ ಗಣಿಗಾರರು ಬಿಟ್ಟುಹೋದ ಈ ಹಾಳೂರಿನ ಗುಡಿಸಲುಗಳಲ್ಲಿ 1928ರಿಂದ ರಾಕಿ ಮೌಂಟನ್ ಬಯಲಾಜಿಕಲ್ ಲ್ಯಾಬೊರೇಟರಿ ನಡೆಯುತ್ತಿದೆ. ಹಳದಿ ಹೊಟ್ಟೆಯ ಮಾರ್ಮೋಟ್ ಎಂಬ, ಬೆಕ್ಕಿನಷ್ಟು ದಪ್ಪದ ನೆಲದ ಅಳಿಲನ್ನು ಇಲ್ಲಿ 1962ರಿಂದ ತಲೆಮಾರು ತಲೆಮಾರಾಗಿ ಗುರುತು ಹಾಕಿ ನೋಡುತ್ತ ಬಂದಿದ್ದಾರೆ. ಯಾವ ತಾಯಿಗೆ ಯಾವ ಮರಿ ಎನ್ನುವ ಲೆಕ್ಕವೂ ಇದೆ. ನಾವು ಹೋಗುವಷ್ಟರಲ್ಲಿ ಮಾರ್ಮೋಟ್‌ಗಳು ಬಿಲ ಸೇರಿ ಮಲಗಿಬಿಟ್ಟಿದ್ದವು, ಒಂದೂ ಕಾಣಲಿಲ್ಲ.

ಗಾಥಿಕ್‌ನಿಂದ ಮಣ್ಣುರಸ್ತೆಯಲ್ಲಿ ಶೋಫೀಲ್ಡ್ ಪಾಸ್‌ವರೆಗೆ ಏರಿ, ಅಲ್ಲಿಂದ 'ಟ್ರೇಲ್ 401' ಹಿಡಿಯಬೇಕು. ಲೋಕದ ಸೈಕಲ್ ಸವಾರರು ಹೆಸರು ಹೇಳುವ ಜಾಡು ಇದು. ನೆತ್ತಿ ಸುಮಾರು 3,400 ಮೀಟರ್. ಮರ ಮುಗಿದು ಬರೀ ಒಣಹುಲ್ಲು, ಬಂಡೆ. ಅಲ್ಲಿ ಕಲ್ಲುರಾಶಿಯಿಂದ 'ಈಂಕ್' ಎಂದು ಕೂಗಿತು ಪೈಕಾ. ಮೊಲದ ನಂಟ, ಆದರೆ ಅಂಗೈಯಲ್ಲಿ ಕೂರುವಷ್ಟೇ, ಬಾಲ ಕಾಣದು. ಅದಕ್ಕೆ ಚಳಿಗಾಲದ ನಿದ್ದೆ ಇಲ್ಲ, ಹಿಮದಡಿ ಎಚ್ಚರವಾಗಿಯೇ ಇರಬೇಕು. ಅದಕ್ಕೇ ಬಾಯಿ ತುಂಬ ಹುಲ್ಲು ಕಚ್ಚಿಕೊಂಡು, ಎರಡೂ ಕಡೆ ಮೀಸೆಯ ಹಾಗೆ ಜೋತುಬಿಟ್ಟುಕೊಂಡು, ಕಲ್ಲಿಂದ ಕಲ್ಲಿಗೆ ಹಾರಿ ಬಂಡೆಯಡಿ ಬಣವೆ ಒಟ್ಟುತ್ತಿತ್ತು. ಕಹಿ-ಒಗರಿನ ಸೊಪ್ಪನ್ನೂ ಅದು ಬಣವೆಗೆ ಸೇರಿಸುತ್ತದೆ. ಆ ಒಗರು ಹುಲ್ಲು ಕೊಳೆಯದಂತೆ ಕಾಯುತ್ತದೆ, ತಿಂಗಳು ಕಳೆದು ಒಗರು ಇಳಿದ ಮೇಲೆ ಸೊಪ್ಪೂ ಊಟಕ್ಕೆ ಸೇರುತ್ತದೆ. ನಮ್ಮ ಅಜ್ಜಿಯರ ಭರಣಿಯ ಬುದ್ಧಿ. ಅರ್ಧ ಗಂಟೆ ಕೂತು ನೋಡಿದೆವು. ಹತ್ತಾರು ಸಲ ಹೋಗಿ ಬಂದಿತು, ನಮ್ಮ ಕಡೆ ತಿರುಗಲಿಲ್ಲ.

ಈ ಜಾಡಿನ ಪಕ್ಕದಲ್ಲೇ ಮರೂನ್ ಬೆಲ್ಸ್-ಸ್ನೋಮಾಸ್ ಎಂಬ ಸಂರಕ್ಷಿತ ವನ್ಯಪ್ರದೇಶ. 1964ರ ಕಾಯ್ದೆಯಡಿ ಅಂಥ ಪ್ರದೇಶಗಳೊಳಗೆ ಯಾಂತ್ರಿಕ ಸಾರಿಗೆಗೆ ಅವಕಾಶವಿಲ್ಲ, ಸೈಕಲ್ಲೂ ಅದರಲ್ಲಿ ಸೇರುತ್ತದೆ. ಇದನ್ನು ಸಡಿಲಿಸಬೇಕೆಂದು ವಾದಿಸುವ ಸವಾರರಿದ್ದಾರೆ. ನನಗೆ ಆ ನಿಷೇಧ ಸರಿಯೆನಿಸಿತು. ಸೈಕಲ್ಲಿಗೆ ಹೊಗೆಯಿಲ್ಲ ನಿಜ, ಆದರೆ ಅದರ ಗುಣವೇ ಪ್ರಾಣಿಗೆ ತೊಡಕು: ಸದ್ದಿಲ್ಲದೆ ಬರುತ್ತದೆ, ವೇಗವಾಗಿ ಬರುತ್ತದೆ. ನಡೆದು ಬರುವವರ ಮಾತು ದೂರದಿಂದಲೇ ಕೇಳಿ ಪ್ರಾಣಿ ಸರಿದುಕೊಳ್ಳಬಹುದು. ತಿರುವಿನಲ್ಲಿ ಧುತ್ತೆಂದು ಎದುರಾದ ಸೈಕಲ್ಲಿಗೆ ಅದು ಏನು ಮಾಡಬೇಕು? ಒರೆಗಾನ್ ರಾಜ್ಯದ ಸ್ಟಾರ್ಕಿ ಪ್ರಾಯೋಗಿಕ ಅರಣ್ಯದಲ್ಲಿ ಎಲ್ಕ್‌ಗಳ ಕೊರಳಿಗೆ ಪಟ್ಟಿ ಕಟ್ಟಿ ನೋಡಿದ್ದಾರೆ. ಜಾಡಿನಿಂದ ಅವು ಹೆಚ್ಚು ದೂರ ಸರಿದದ್ದು ಮೋಟಾರು ಗಾಡಿಗೆ, ಅದರ ನಂತರ ಮೌಂಟನ್ ಬೈಕಿಗೆ. ನಡೆಯುವವರಿಗೂ ಕುದುರೆ ಸವಾರರಿಗೂ ಅಷ್ಟು ಹೆದರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ, ಕಾಲು ಬಿದ್ದುಹೋಗಿದ್ದರಿಂದ, ಸ್ಲೇಟ್ ನದಿಯ ಪಕ್ಕದ ಲೋವರ್ ಲೂಪ್ ಆರಿಸಿಕೊಂಡೆವು. ಮಕ್ಕಳೂ ಹೋಗುವ ಸುಲಭದ ಜಾಡು. ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿತ್ತು, ಬೆರಳು ಮರಗಟ್ಟಿ ಬ್ರೇಕ್ ಹಿಡಿದದ್ದೇ ತಿಳಿಯುತ್ತಿರಲಿಲ್ಲ. ವಿಲ್ಲೋ ಪೊದೆಗಳ ಒಂದು ತಿರುವಿನಲ್ಲಿ ಮುಂದಿದ್ದ ಭಾವ ಕಾಲೂರಿ ನಿಂತು, ತಿರುಗದೆಯೇ ಮೆಲ್ಲಗೆ ಹೇಳಿದರು: "ನಿಲ್ಲು ಮಾರಾಯ. ಕಾಟಿ ಎದುರು ಬಂದಾಗ ನಿಲ್ಲುವ ಹಾಗೆ ನಿಲ್ಲು."

ಮೂವತ್ತು ಗಜ ದೂರದಲ್ಲಿ ಹೆಣ್ಣು ಮೂಸ್, ಜಿಂಕೆ ಬಳಗದ ಭಾರೀ ಪ್ರಾಣಿ. ಹೆಗಲು ನನ್ನ ತಲೆಯ ಮಟ್ಟಕ್ಕೆ, ಕಡುಕಂದು ಮೈ, ಕಾಲು ಮಾತ್ರ ಬೂದು. ಹಿಂದೆ ಆ ವರ್ಷದ ಕರು. ತಾಯಿ ವಿಲ್ಲೋ ರೆಂಬೆಯನ್ನು ಬಾಯಿಯ ಒಂದು ಬದಿಯಿಂದ ಎಳೆದು ಎಲೆ ಸುಲಿದುಕೊಂಡು ಅಗಿಯುತ್ತಿತ್ತು, ಮೂಗಿನಿಂದ ಆವಿ. ನಮ್ಮನ್ನು ಕಂಡು ಅಗಿಯುವುದು ನಿಂತಿತು. ಕಿವಿ ಹಿಂದಕ್ಕೆ ಮಡಚಿತು. ಕೊರಳ ಮೇಲಿನ ಕೂದಲು ಎದ್ದಿತು. ಮೂಸ್ ಕಿವಿ ಮಡಚಿದರೆ ಮುಂದಿನದು ಕಾಲು ಎಂದು ಸೈಕಲ್ ಬಾಡಿಗೆಯ ಅಂಗಡಿಯಲ್ಲೇ ಹೇಳಿ ಕಳಿಸಿದ್ದರು. ಸೈಕಲನ್ನು ನಮಗೂ ಅದಕ್ಕೂ ನಡುವೆ ಹಿಡಿದು, ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದು, ದಪ್ಪನೆಯ ಸ್ಪ್ರೂಸ್ ಮರವೊಂದರ ಮರೆಗೆ ಹೋದೆವು. ಕರಡಿಯ ಎದುರು ಓಡಬಾರದು. ಮೂಸ್ ಮೇಲೆ ಬಂದರೆ ಮಾತ್ರ ಓಡಿ ಮರದ ಹಿಂದೆ ಸೇರಿಕೊಳ್ಳಬೇಕು.

ಅದು ಬರಲಿಲ್ಲ. ಹೋಗಲೂ ಇಲ್ಲ. ನಲವತ್ತು ನಿಮಿಷ. ಆ ಹೊತ್ತಿನಲ್ಲಿ ಹಿಂದಿನಿಂದ ಬಂದ ಆರು ಸವಾರರು ಒಬ್ಬೊಬ್ಬರಾಗಿ ನಮ್ಮ ಜೊತೆ ನಿಂತರು. ಯಾರೂ ಬೆಲ್ ಹೊಡೆಯಲಿಲ್ಲ, ಗದರಲಿಲ್ಲ, ಹಾಯ್ದು ಹೋಗೋಣವೆನ್ನಲಿಲ್ಲ. ಒಬ್ಬ ಹೆಂಗಸು ಫ್ಲಾಸ್ಕಿನ ಚಹಾ ಹಂಚಿದರು. ಕೊಲೊರಾಡೊದಲ್ಲಿ ಮೂಸ್ ನೆಲೆಯಾಗಿ ಇದ್ದದ್ದಲ್ಲ. 1978ರಲ್ಲಿ ಯೂಟಾ ರಾಜ್ಯದಿಂದ, ಆಮೇಲೆ ವಯೋಮಿಂಗ್‌ನಿಂದ ಒಂದಿಷ್ಟನ್ನು ತಂದು ಉತ್ತರದ ಕಣಿವೆಯಲ್ಲಿ ಬಿಟ್ಟರು. ಈಗ ರಾಜ್ಯದಲ್ಲಿ ಮೂರು ಸಾವಿರದ ಆಸುಪಾಸು ಇವೆ. ಬಂದವಕ್ಕೆ ದಾರಿ ಬಿಡುವುದನ್ನು ಊರು ಕಲಿತಿದೆ. ಕರು ಮೊದಲು ನದಿಗಿಳಿಯಿತು, ತಾಯಿ ಅದರ ಹಿಂದೆ. ನೀರು ಮೊಣಕಾಲಿಗೆ ಬಂದಾಗ ಕರು ತಿರುಗಿ ನೋಡಿತು, ತಾಯಿ ಮೂತಿಯಿಂದ ನೂಕಿತು.

ಹೋಗುವವರಿಗೆ ಒಂದೆರಡು ಮಾತು. ಹತ್ತಿರದ ವಿಮಾನ ನಿಲ್ದಾಣ 45 ಕಿಲೋಮೀಟರ್ ದೂರದ ಗನ್ನಿಸನ್. ಮೊದಲ ಎರಡು ದಿನ ಎತ್ತರಕ್ಕೆ ಒಗ್ಗಿಕೊಳ್ಳಿ, ನೀರು ಕುಡಿಯುತ್ತಿರಿ. ಶರತ್ಕಾಲ ಇಲ್ಲಿ ಬೇಟೆಯ ಕಾಲವೂ ಹೌದು, ಎದ್ದು ಕಾಣುವ ಕಿತ್ತಳೆ ಬಣ್ಣದ ಅಂಗಿ ಹಾಕಿ. ಹ್ಯಾಂಡಲಿಗೆ ಬೆಲ್ ಇರಲಿ, ಕುರುಡು ತಿರುವಿನ ಮುಂಚೆ ಬಾರಿಸಿ ಅಥವಾ ಕನ್ನಡದಲ್ಲೇ ಗಟ್ಟಿಯಾಗಿ ಮಾತಾಡಿ. ಕೆಳಗಿಳಿಯುವವರು ಏರುವವರಿಗೆ, ಸೈಕಲ್ಲಿನವರು ನಡೆಯುವವರಿಗೂ ಕುದುರೆಗೂ ದಾರಿ ಬಿಡಬೇಕು.

ಅಂದು ಆಯುಧಪೂಜೆ. ಸಂಜೆ ಬಾಡಿಗೆ ಸೈಕಲ್‌ಗಳ ಕೆಸರು ತೊಳೆದು ಒರೆಸಿದೆವು. ಅಕ್ಕ ಕಟ್ಟಿಕೊಟ್ಟಿದ್ದ ಪೊಟ್ಟಣದಿಂದ ಭಾವ ಕುಂಕುಮ ತೆಗೆದು ಎರಡೂ ಹ್ಯಾಂಡಲಿಗೆ ಇಟ್ಟರು. ಚೆಂಡುಹೂ ಇರಲಿಲ್ಲ, ಜೇಬಿನಲ್ಲಿ ಉಳಿದಿದ್ದ ಆಸ್ಪೆನ್ ಎಲೆ ಸಿಕ್ಕಿಸಿದೆವು. ಕತ್ತಲಾಗುತ್ತಿದ್ದಂತೆ ಊರಾಚೆಯ ಇಳಿಜಾರಿನಿಂದ ಕೂಗು ಕೇಳಿತು. ದಪ್ಪಗೆ ಶುರುವಾಗಿ, ಕೊಳಲಿನಷ್ಟು ತೆಳ್ಳಗೆ ಮೇಲೇರಿ, ಕೊನೆಗೆ ಒಂದು ಗುಟುರು. ಬೆದೆಗೆ ಬಂದ ಗಂಡು ಎಲ್ಕ್. ಸ್ವಲ್ಪ ಹೊತ್ತಿಗೆ ಎದುರು ಬೆಟ್ಟದಿಂದ ಇನ್ನೊಂದು. ಭಾವ ಕೈಯಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡೇ ನಿಂತಿದ್ದರು. ಮೂರನೆಯ ಕೂಗು ಎಲ್ಕ್ ಅವೆನ್ಯೂಗೆ ತೀರಾ ಹತ್ತಿರದಿಂದ ಬಂದಿತು.